ನನ್ನ ಹಗ್ಗ, ಅವಳ ಜಿಗಿತ

ಡಾಕ್ಟರು ಮೊದಲು ಹೇಳಿದ್ದು ವಾಕಿಂಗು. ಚಾಮರಾಜನಗರದ ಆಸ್ಪತ್ರೆಯಲ್ಲಿ ನನ್ನ ರಕ್ತಪರೀಕ್ಷೆಯ ಚೀಟಿಯನ್ನು ಎರಡು ಸಲ ತಿರುಗಿಸಿ ನೋಡಿ, "ಸಕ್ಕರೆ ಕಾಯಿಲೆ ಇನ್ನೂ ಒಳಕ್ಕೆ ಬಂದಿಲ್ಲ, ಬಾಗಿಲಲ್ಲಿ ನಿಂತಿದೆ. ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ಒಂದು ಗಂಟೆ ನಡೀರಿ" ಅಂದರು.

"ಸಾರ್, ನಮ್ಮೂರು ತಿಗನಾರೆ" ಅಂದೆ. "ಬೆಳಿಗ್ಗೆ ಐದೂವರೆಗೆ ನಮ್ಮ ರಸ್ತೆಯಲ್ಲಿ ಆನೆಗಳು ವಾಕಿಂಗ್ ಮಾಡ್ತಿರ್ತವೆ."

ಅವರು ತಮಾಷೆ ಅಂದುಕೊಂಡು ನಕ್ಕರು. ನಾನು ನಗದೇ ಇದ್ದದ್ದು ನೋಡಿ ನಗು ನಿಲ್ಲಿಸಿದರು. ಹೊಲ ಮೇದು ಕಾಡಿಗೆ ವಾಪಸು ಹೋಗುವ ಆನೆಗಳಿಗೆ ಅದೇ ಹೊತ್ತು, ಅದೇ ದಾರಿ. ಬಿಸಿಲು ನೆಲಕ್ಕೆ ಬೀಳುವವರೆಗೂ ನಮ್ಮೂರಲ್ಲಿ ಯಾರೂ ಒಂಟಿಯಾಗಿ ರಸ್ತೆಗೆ ಇಳಿಯುವುದಿಲ್ಲ. ಬಿಸಿಲು ಬಿದ್ದಮೇಲೆ ಕೆಲಸ ಕಾದಿರುತ್ತದೆ.

"ಹಾಗಾದ್ರೆ ಅಂಗಳದಲ್ಲೇ ಸ್ಕಿಪ್ಪಿಂಗ್ ಮಾಡಿ. ಹಗ್ಗದಾಟ. ಹತ್ತು ಹತ್ತರ ಹಾಗೆ ಶುರು ಮಾಡಿ, ಮಂಡಿ ನೋವಾದರೆ ನಿಲ್ಲಿಸಿ. ಹೊಲದ ಕೆಲಸ ಮಾಡೋರು ಅಂತೀರಿ, ಈ ಹೊಟ್ಟೆ ಎಲ್ಲಿಂದ ಬಂತು?"

ಟ್ರ್ಯಾಕ್ಟರಿನಿಂದ ಬಂತು ಅಂತ ಹೇಳಲಿಲ್ಲ. ಟ್ರ್ಯಾಕ್ಟರ್ ತಂದಮೇಲೆ ನಾನು ಹೊಲಕ್ಕೆ ಹೋಗುವುದು ಕೂತುಕೊಂಡೇ, ಬರುವುದೂ ಕೂತುಕೊಂಡೇ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಹದಿನೆಂಟರಿಂದ ಇಪ್ಪತ್ತಾರು ವರ್ಷದವರೆಗೆ ನಾನು ಕಬಡ್ಡಿ ಆಡಿದವನು. ಗೆಟ್ಟವಾಡಿಯಿಂದ ಜೀರಹಳ್ಳಿಯವರೆಗೆ ನಾನು ರೈಡಿಗೆ ಇಳಿದರೆ ಜನ ಬೀಡಿ ಆರಿಸಿ ನೋಡುತ್ತಿದ್ದರು. ಓದಿನಲ್ಲಿ ನಾನು ಹಿಂದೆ, ಮಾತಿನಲ್ಲಿ ಇನ್ನೂ ಹಿಂದೆ. ನನ್ನ ಹೆಮ್ಮೆಯೆಲ್ಲ ಇದ್ದದ್ದು ಎರಡು ಕಾಲಿನಲ್ಲಿ. ಗೋಡೆಯ ಗೂಡಿನಲ್ಲಿ ಈಗಲೂ ಮೂರು ಶೀಲ್ಡುಗಳಿವೆ. ನಲವತ್ತಾರಕ್ಕೆ ಹಗ್ಗ ಹಿಡಿದು ಕುಣಿಯುವುದು ನನಗೆ ದೊಡ್ಡ ವಿಷಯವಾಗಿ ಕಾಣಲಿಲ್ಲ. ಒಂದು ವಾರದಲ್ಲಿ ನೂರು ದಾಟುತ್ತೇನೆ ಅಂದುಕೊಂಡೆ.

ನಮ್ಮ ಸೀಮೆಯ ಮಾತು ಕನ್ನಡ, ಸೇರಿರುವುದು ತಮಿಳು ರಾಜ್ಯಕ್ಕೆ. ಹತ್ತಿರದ ಪೇಟೆ ತಾಳವಾಡಿಯ ಅಂಗಡಿಯಲ್ಲಿ ಸ್ಕಿಪ್ಪಿಂಗ್ ರೋಪು ಕೇಳಿದಾಗ ಅಂಗಡಿಯವನು ತಮಿಳಿನಲ್ಲಿ, ಮಗುವಿಗಾ ಅಂತ ಕೇಳಿದ. ನಾಚಿಕೆಯಾಗಿ ಹೂಂ ಅಂದೆ. ನೀಲಿ ಹಿಡಿಯ ಪ್ಲಾಸ್ಟಿಕ್ ಹಗ್ಗ ಕೊಟ್ಟ. ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದು.

ಮೊದಲ ದಿನ ಏಳು ಗಂಟೆಗೆ ಅಂಗಳಕ್ಕೆ ಇಳಿದೆ. ಮಂಜು ಇನ್ನೂ ಬದುವಿನ ಮೇಲಿತ್ತು. ಲುಂಗಿ ಮಡಚಿ ಕಟ್ಟಿ ಹಗ್ಗ ಬೀಸಿದೆ. ಮೊದಲ ಸಲ ಅದು ತಲೆಯ ಹಿಂದೆ ಬಡಿಯಿತು. ಎರಡನೇ ಸಲ ಕಾಲ್ಬೆರಳಿಗೆ. ಮೂರನೇ ಸಲ ಕಾಲುವೆ ದಾಟುವವನ ಹಾಗೆ ಹಾರಿದೆ, ಹಿಮ್ಮಡಿ ನೆಲಕ್ಕೆ ಬಿದ್ದು ಹಲ್ಲಿನವರೆಗೂ ಅದುರಿತು. ಜಗಲಿಯ ಮೇಲೆ ಕೂತಿದ್ದ ನಮ್ಮವ್ವ ಗಾಬರಿಯಿಂದ, "ಯಾಕ್ಲಾ ಮಗ, ಚೇಳ್ ಗೀಳ್ ಕಡೀತಾ?" ಅಂತ ಕೂಗಿದಳು.

ಒಂದು ವಾರ ಕಳೆದರೂ ನನ್ನ ದೊಡ್ಡ ಎಣಿಕೆ ಏಳು. ಮೀನಖಂಡ ಕಲ್ಲಿನ ಹಾಗೆ ಬಿಗಿದುಕೊಂಡಿತ್ತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿದ್ದೆ. ಉಸಿರು ಹಗ್ಗಕ್ಕಿಂತ ಮೊದಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಒಂದೇ ಉಸಿರಿನಲ್ಲಿ ಎದುರು ಪಾಳಯಕ್ಕೆ ನುಗ್ಗಿ ಇಬ್ಬರನ್ನು ಮುಟ್ಟಿ ಬರುತ್ತಿದ್ದವನು ನಾನೇ ಅಂತ ನನಗೇ ನಂಬಿಕೆ ಬರುತ್ತಿರಲಿಲ್ಲ.

ಎಂಟನೇ ದಿನ ನನ್ನ ಹೆಂಡತಿ ಹಾಲು ಕರೆದ ಬಕೆಟ್ ಹಿಡಿದು ಕೊಟ್ಟಿಗೆಯಿಂದ ಬಂದಳು. ನಾನು ಐದಕ್ಕೆ ಎಡವಿ ಹಗ್ಗ ಬಿಡಿಸಿಕೊಳ್ಳುತ್ತಿದ್ದೆ.

"ಅಂಗಲ್ಲ ಕಣ್ಲಾ!" ಅಂದುಬಿಟ್ಟಳು.

ಅವಳು ನನ್ನ ಸೋದರಮಾವನ ಮಗಳು, ಜೀರಹಳ್ಳಿಯವಳು. ಚಿಕ್ಕಂದಿನಲ್ಲಿ ನನ್ನನ್ನು 'ಲಾ' ಅಂತಲೇ ಕರೆಯುತ್ತಿದ್ದವಳು. ಮದುವೆಯಾದಮೇಲೆ ಅದನ್ನು ಬಿಟ್ಟಿದ್ದಳು. ಬಾಯಿ ತಪ್ಪಿ ಬಂದದ್ದಕ್ಕೆ ತಾನೇ ನಕ್ಕು, ಬಕೆಟ್ ಕೆಳಗಿಟ್ಟು, ನನ್ನ ಕೈಯಿಂದ ಹಗ್ಗ ತೆಗೆದುಕೊಂಡಳು. ನಡುವೆ ಕಾಲಿಟ್ಟು ಎರಡೂ ಹಿಡಿಗಳನ್ನು ಮೇಲಕ್ಕೆಳೆದಳು. ಅವು ಸೊಂಟದವರೆಗೂ ಬರಲಿಲ್ಲ.

"ಇದು ಮಕ್ಕಳ ಅಗ್ಗ. ಕಂಕುಳಗಂಟ ಬರ್ಬೇಕು. ಇದ್ರಲ್ಲಿ ಯಾರ್ ಕುಣುದ್ರೂ ಸಿಗಾಕತ್ತರೆ."

ಕೊಟ್ಟಿಗೆಯಿಂದ ನೈಲಾನ್ ಹಗ್ಗದ ಒಂದು ತುಂಡು ತಂದು, ಅಳೆದು, ಎರಡೂ ತುದಿಗೆ ಗಂಟು ಹಾಕಿದಳು. ನೈಟಿಯ ಮೇಲೆ ಚಳಿಗೆ ಅಂತ ನನ್ನ ಹಳೆಯ ಶರಟು ಹಾಕಿಕೊಂಡಿದ್ದಳು. ಅದರ ತೋಳು ಮಡಚಿ, ಚಪ್ಪಲಿ ಬಿಟ್ಟು ಶುರು ಮಾಡಿದಳು.

ಟಪ್, ಟಪ್, ಟಪ್. ಅಂಗಳದ ಮೇಲೆ ಒಂದೇ ಸಮನಾದ ಸದ್ದು. ಅವಳು ಹಾರುತ್ತಿದ್ದಾಳೆ ಅಂತಲೇ ಅನ್ನಿಸುತ್ತಿರಲಿಲ್ಲ. ನೆಲದಿಂದ ಬೆಂಕಿಪೊಟ್ಟಣದಷ್ಟು ಎತ್ತರ, ಅಷ್ಟೆ. ಮೊಣಕೈ ಪಕ್ಕೆಗೆ ಅಂಟಿಕೊಂಡಿತ್ತು, ಮಣಿಕಟ್ಟು ಮಾತ್ರ ತಿರುಗುತ್ತಿತ್ತು. ಒಂಬತ್ತನೇ ತರಗತಿ ಓದುವ ನಮ್ಮ ಮಗಳು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಹೊರಗೆ ಬಂದವಳು ಎಣಿಸತೊಡಗಿದಳು. ಐವತ್ತಾಯಿತು. ಎಂಬತ್ತಾಯಿತು. ನೊರೆ ಉಗಿದು, "ನೂರು!" ಅಂತ ಕಿರುಚಿದಳು. ನೂರಾ ಹನ್ನೆರಡಕ್ಕೆ ನನ್ನ ಹೆಂಡತಿ ನಿಲ್ಲಿಸಿದಳು. ಸಿಕ್ಕಿಹಾಕಿಕೊಂಡು ನಿಂತದ್ದಲ್ಲ. ಹಾಲಿನ ಗಾಡಿ ಹಾರನ್ ಹೊಡೆಯಿತು, ಅದಕ್ಕೆ ನಿಲ್ಲಿಸಿದಳು.

"ಅಯ್ಯೋ, ಇನ್ನೂ ಮರ್ತಿಲ್ವಲ್ಲ ನಾನು" ಅಂದಳು. ಕೆನ್ನೆ ಕೆಂಪಗಾಗಿತ್ತು. ನಮ್ಮವ್ವ ಜಗಲಿಯಿಂದಲೇ ಚಪ್ಪಾಳೆ ತಟ್ಟಿದಳು. ನನ್ನ ಶೀಲ್ಡುಗಳಿಗೆ ನಮ್ಮವ್ವ ಒಂದು ದಿನವೂ ಚಪ್ಪಾಳೆ ತಟ್ಟಿದವಳಲ್ಲ. ಎಲ್ಲಿ ಕೈಕಾಲು ಮುರಿದುಕೊಂಡು ಬರುತ್ತೀಯೋ ಅಂತ ಬೈದವಳು.

ಆಗ ನನ್ನ ಪಕ್ಕೆಯ ಕೆಳಗೆ ಏನೋ ಚುರುಕ್ ಅಂದಿತು. ಅದು ಹೊಟ್ಟೆಕಿಚ್ಚು ಅಂತ ಆ ಗಳಿಗೆಯಲ್ಲೇ ಗೊತ್ತಾಯಿತು. ಸುಳ್ಳು ಯಾಕೆ ಹೇಳಲಿ? ದಾಯಾದಿಯ ಬೆಳೆ ಚೆನ್ನಾಗಿ ಬಂದಾಗ, ತಂಡದಲ್ಲಿ ನನ್ನ ಜಾಗಕ್ಕೆ ಬೇರೊಬ್ಬ ಹುಡುಗನನ್ನು ಹಾಕಿಕೊಂಡಾಗ ಅದು ಬಂದಿತ್ತು. ಹೆಂಡತಿಯ ಮೇಲೆ ಬಂದಿರಲಿಲ್ಲ. ಹೆಂಡತಿಯ ಮೇಲೆ ಬರುತ್ತದೆ ಅಂತಲೇ ನನಗೆ ತಿಳಿದಿರಲಿಲ್ಲ.

"ಎಂಗಸ್ರು ಅಗುರ ಇರ್ತರೆ, ಅದ್ಕೆ ಸಲೀಸು" ಅಂದೆ.

"ಬಾ, ಕಲಿಸ್ತೀನಿ" ಅಂದಳು.

ಕಲಿಸಿದಳು. ಕೈ ಅಗಲಿಸಬೇಡ, ಪಾದ ನೋಡಬೇಡ, ಮುಂಗಾಲಿನಲ್ಲಿ ಇಳಿ, ಉಸಿರು ಹಿಡಿಯಬೇಡ. ಅವಳು ಹೇಳಿದ್ದೆಲ್ಲ ಸರಿಯಾಗಿತ್ತು, ಅದೇ ನನ್ನನ್ನು ಸುಟ್ಟಿತು. ಅವಳು ಹೇಳಿದ ಹಾಗೆ ಮಾಡಿದ ಮೂರನೇ ದಿನಕ್ಕೆ ಹತ್ತೊಂಬತ್ತು ಮುಟ್ಟಿದೆ. ಖುಷಿಯಾಗಬೇಕಿತ್ತು. ಆ ಹತ್ತೊಂಬತ್ತೂ ಅವಳ ಪಾಲಿನದು ಅನ್ನಿಸಿತು.

ಅವಳಿಗೆ ಸಕ್ಕರೆಯಿಲ್ಲ, ಬಿ.ಪಿ. ಇಲ್ಲ. ಹಗ್ಗ ಹಿಡಿಯಬೇಕಾದ ಯಾವ ಕಾರಣವೂ ಇರಲಿಲ್ಲ. ಆದರೂ ಅಂದಿನಿಂದ ದಿನಾ ಹಾಲು ಕರೆದಮೇಲೆ ಹತ್ತು ನಿಮಿಷ ಕುಣಿಯತೊಡಗಿದಳು. ನಾನು ಔಷಧಿ ಕುಡಿಯುವವನ ಹಾಗೆ ಮುಖ ಮಾಡಿಕೊಂಡು ಒಂದು ಮೂಲೆಯಲ್ಲಿ. ಅವಳು ಇನ್ನೊಂದು ಮೂಲೆಯಲ್ಲಿ, ಮುಂದಕ್ಕೆ, ಹಿಂದಕ್ಕೆ, ಕೈ ಅಡ್ಡ ಮಾಡಿ. ಮಗಳು ಅದನ್ನು ಫೋನಿನಲ್ಲಿ ಹಿಡಿದು ಸ್ಟೇಟಸ್ಸಿಗೆ ಹಾಕಿದಳು. ಆ ವಿಡಿಯೋದ ಹಿಂಬದಿಯಲ್ಲಿ ನಾನೂ ಇದ್ದೆ, ಕಾಲಿಗೆ ಸುತ್ತಿಕೊಂಡ ಹಗ್ಗ ಬಿಡಿಸುತ್ತ.

ಮಾರನೆಯ ದಿನ ಗೆಟ್ಟವಾಡಿಯಿಂದ ನನ್ನ ಹಳೆಯ ಕಬಡ್ಡಿ ಜೊತೆಗಾರ ಫೋನ್ ಮಾಡಿದ. "ಏನ್ಲಾ, ನಿನ್ ಎಂಡ್ತಿ ಇಂಗ್ ಎಗುರ್ತರೆ! ಆವತ್ತು ನಮ್ ಟೀಮಿಗೆ ನಿನ್ ಬುಟ್ಟು ಅವ್ರುನ್ನೇ ಇಳಿಸ್ಬೇಕಾಗಿತ್ತು ಕಣ್ಲಾ!" ಅಂತ ನಕ್ಕ. ನಾನೂ ನಕ್ಕೆ. ಫೋನ್ ಇಟ್ಟಮೇಲೆ ನಾಷ್ಟಾ ಸೇರಲಿಲ್ಲ.

ಅದೇ ವಿಡಿಯೋ ಮಗಳ ಶಾಲೆಯ ಪಿ.ಟಿ. ಟೀಚರ್ ಕಣ್ಣಿಗೂ ಬಿತ್ತು. ಘಟ್ಟದ ಕೆಳಗಿನ ಸತ್ಯಮಂಗಲದ ಕಡೆಯಿಂದ ಬಂದ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಶನಿವಾರ ಬೆಳಿಗ್ಗೆ ಬಂದು ಹುಡುಗಿಯರಿಗೆ ಹಗ್ಗದಾಟ ಹೇಳಿಕೊಡಲು ಆಗುತ್ತದಾ ಅಂತ ಮಗಳ ಕೈಯಲ್ಲಿ ಕೇಳಿ ಕಳಿಸಿದರು. ನನ್ನ ಹೆಂಡತಿ ಹತ್ತನೇ ತರಗತಿ ಮುಗಿಸಿ ಶಾಲೆ ಬಿಟ್ಟವಳು. ಮಗಳ ಫೀಸು, ಮಾರ್ಕ್ಸ್ ಕಾರ್ಡು ಬಿಟ್ಟರೆ ಬೇರೆ ಯಾವುದಕ್ಕೂ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನನ್ನ ಮುಖ ನೋಡಿದಳು.

"ಓಗ್ಬುಟ್ ಬಾ" ಅಂದೆ. ಬೇಡ ಅನ್ನಲು ಕಾರಣ ಹುಡುಕಿ ಹುಡುಕಿ ಸಿಗದೆ ಹೇಳಿದ ಮಾತು ಅದು.

ಶನಿವಾರ ಮಗಳ ಹಳೆಯ ಕ್ಯಾನ್ವಾಸ್ ಶೂ ಹಾಕಿಕೊಂಡು ಒಂಬತ್ತರ ಬಸ್ಸಿಗೆ ಹೋದಳು. ಮಧ್ಯಾಹ್ನದ ಬಸ್ಸಿಗೆ ಬಂದಳು. ಬಸ್ಸಿನಿಂದ ಇಳಿದು ಬರುವಾಗ ಅವಳ ಮುಖ ನೋಡಿದೆ. ಆ ಮುಖ ನನಗೆ ಪರಿಚಯದ್ದು. ಗೆದ್ದು ಬಂದವನಿಗೆ ಮಾತ್ರ ಇರುವ ಮುಖ. ಜನ ಇನ್ನೂ ತನ್ನನ್ನು ನೋಡುತ್ತಿದ್ದಾರೆ ಎಂಬ ಹಾಗೆ ನಡೆಯುವ ನಡಿಗೆ. ಒಂದು ಕಾಲದಲ್ಲಿ ನಾನು ಹಾಗೇ ಊರೊಳಗೆ ಬರುತ್ತಿದ್ದೆ.

ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿದಳು. ಇಪ್ಪತ್ತು ಹುಡುಗಿಯರಂತೆ. ಒಬ್ಬಳಿಗೆ ಎಷ್ಟು ಹೇಳಿದರೂ ಹಿಮ್ಮಡಿ ನೆಲಕ್ಕೇ ಬೀಳುತ್ತದಂತೆ. ಟೀಚರು "ಸೂಪರ್ ಅಕ್ಕಾ" ಅಂದರಂತೆ. ನಮ್ಮವ್ವ ತಟ್ಟೆ ಸರಿಸಿ, "ನನ್ ಸೊಸೆ ಗುಬ್ಬಚ್ಚಿ ಇದ್ದಂಗೆ ಅವಳೆ" ಅಂದಳು. ನಾನು ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅಂದೆ. ಆಗಿರಲಿಲ್ಲ.

ಮುಂದಿನ ದಿನಗಳಲ್ಲಿ ಮಾಡಿದ ಸಣ್ಣತನಗಳನ್ನು ಬರೆಯುವಾಗ ಈಗಲೂ ಮೈ ಬಿಸಿಯಾಗುತ್ತದೆ. ಒಂದು ದಿನ ಅವಳ ನೈಲಾನ್ ಹಗ್ಗದಲ್ಲಿ ಕರು ಕಟ್ಟಿಹಾಕಿದೆ, ಬೇರೆ ಹಗ್ಗ ಕೈಗೆ ಸಿಗದವನ ಹಾಗೆ. ಅವಳು ಅದನ್ನು ಬಿಚ್ಚಿಕೊಂಡು, ಕರುವಿಗೆ ಬೇರೆ ಹಗ್ಗ ಹಾಕಿದಳು. ಇನ್ನೊಂದು ದಿನ, ನಲವತ್ತು ದಾಟಿದ ಹೆಂಗಸರು ಕುಣಿದರೆ ಗರ್ಭಕೋಶ ಜಾರುತ್ತದಂತೆ ಅಂತ ನಮ್ಮವ್ವನ ಕಿವಿಗೆ ಬೀಳುವ ಹಾಗೆ ಹೇಳಿದೆ. ಯಾರೂ ನನಗೆ ಹಾಗೆ ಹೇಳಿರಲಿಲ್ಲ. ನಮ್ಮವ್ವ, "ಎತ್ತ್ ಮಕ್ಕಳ ಕಂಕುಳಲ್ಲಿ ಇಟ್ಕಂಡೇ ಕಳೆ ಕಿತ್ತೋರು ನಾವು, ಸುಮ್ನಿರ್ಲಾ" ಅಂದಳು.

ಕದ್ದು ಅಭ್ಯಾಸವನ್ನೂ ಮಾಡಿದೆ. ಹೊಲದ ಪಂಪ್‌ಹೌಸಿನ ಹಿಂದೆ ಗಟ್ಟಿ ನೆಲವಿತ್ತು. ಹೆಂಡತಿ ಊಟ ತರುವುದಕ್ಕೆ ಮುಂಚೆ ಅಲ್ಲಿ ಕುಣಿಯುತ್ತಿದ್ದೆ. ಒಂದು ದಿನ ಮೂವತ್ತೆಂಟಕ್ಕೆ ಎಡವಿ ಮೊಣಕಾಲೂರಿ ಬಿದ್ದೆ. ತಲೆ ಎತ್ತಿದರೆ, ಕಾಡಂಚಿನಲ್ಲಿ ಗಸ್ತು ತಿರುಗುವ ಫಾರೆಸ್ಟ್ ವಾಚರ್ ನಿಂತಿದ್ದಾನೆ. "ಅಂದಿ ಓಡುಸ್ತಿದ್ರಾ ಅಣ್ಣ?" ಅಂತ ಕೇಳಿದ. ಹೂಂ ಅಂದೆ. ಯಾವ ಕಡೆ ಹೋಯಿತು ಅಂತ ಕೇಳಿದ. ಸುಮ್ಮನೆ ಒಂದು ದಿಕ್ಕಿಗೆ ಕೈ ತೋರಿಸಿದೆ. ಪಾಪ, ಅವನು ಆ ಕಡೆ ಹೋದ.

ಇಷ್ಟರಲ್ಲೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಶಾಲೆಯಲ್ಲಿ ವರ್ಷದ ಕ್ರೀಡಾದಿನ ಬಂತು. ಟೀಚರು ಒಂದು ಹೊಸ ಕಾರ್ಯಕ್ರಮ ಮಾಡಿದ್ದರು. ಇಪ್ಪತ್ತು ಹುಡುಗಿಯರು ಸುತ್ತ ನಿಂತು ಹಗ್ಗದಾಟ ಆಡುವುದು, ನಡುವೆ ನನ್ನ ಹೆಂಡತಿ. ಶನಿವಾರ ಹತ್ತು ಗಂಟೆಗೆ. ಅವಳು ಅದಕ್ಕೆಂದೇ ಒಂದು ಚೂಡಿದಾರ ಹೊಲಿಸಿದಳು. ಸೀರೆ, ನೈಟಿ ಬಿಟ್ಟರೆ ಬೇರೆ ಹಾಕಿದವಳಲ್ಲ. ಹಾಕಿಕೊಂಡು ಅತ್ತೆಗೆ ತೋರಿಸಿದಳು, ಮಗಳಿಗೆ ತೋರಿಸಿದಳು. ನನಗೆ ತೋರಿಸುವಾಗ ಬಾಗಿಲಲ್ಲೇ ನಿಂತಳು.

"ಎಂಗದೆ?"

"ಅದೆ" ಅಂದೆ.

ಗುರುವಾರ ಸಂಜೆ ನನ್ನ ಫೋನ್ ರಿಂಗಾಯಿತು. ಅವಳ ಫೋನಿನ ಪರದೆ ಒಡೆದು ತಾಳವಾಡಿಯಲ್ಲಿ ರಿಪೇರಿಗೆ ಕೊಟ್ಟಿತ್ತು, ಆದ್ದರಿಂದ ಟೀಚರು ನನಗೆ ಮಾಡಿದರು. ಅತಿಥಿಗಳಿಗೆ ಶನಿವಾರ ಆಗುವುದಿಲ್ಲವಂತೆ, ಕಾರ್ಯಕ್ರಮ ನಾಳೆಯೇ, ಶುಕ್ರವಾರ ಹತ್ತಕ್ಕೆ. ಈಗ ತಾನೇ ತೀರ್ಮಾನವಾಯಿತು, ಮಕ್ಕಳಿಗೂ ನಾಳೆ ಬೆಳಿಗ್ಗೆ ಪ್ರಾರ್ಥನೆಯಲ್ಲಿ ಹೇಳುತ್ತೇವೆ. "ಅಕ್ಕಾಕಿಟ್ಟ ಸೊಲ್ಲಿಡುಂಗ ಸಾರ್" ಅಂದರು, ಅಕ್ಕನಿಗೆ ಹೇಳಿಬಿಡಿ ಅಂತ.

"ಸೊಲ್ರೇನ್" ಅಂದೆ. ಹೇಳುತ್ತೇನೆ ಅಂತ.

ಆಗ ನಾನು ಟ್ರ್ಯಾಕ್ಟರಿನ ಹತ್ತಿರ ನಿಂತಿದ್ದೆ. ಮನೆ ಐವತ್ತು ಹೆಜ್ಜೆ. ಹೇಳಬಾರದು ಅಂತ ಆ ಗಳಿಗೆಯಲ್ಲಿ ನಾನೇನೂ ತೀರ್ಮಾನ ಮಾಡಲಿಲ್ಲ. ಕೈತೊಳೆದು ಹೇಳೋಣ ಅಂದುಕೊಂಡೆ. ಕೈತೊಳೆದಮೇಲೆ ಊಟವಾದಮೇಲೆ ಹೇಳೋಣ ಅಂದುಕೊಂಡೆ. ಊಟದ ಹೊತ್ತಿಗೆ ಮಗಳು, "ಅವ್ವ, ನಮ್ ಕ್ಲಾಸ್ನೋರೆಲ್ಲ ನಿನ್ನ ನೋಡಕ್ಕೇ ಕಾಯ್ತಾವ್ರೆ" ಅಂದಳು. ಆಮೇಲೆ ನಾನು ಬಾಯಿ ಬಿಡಲಿಲ್ಲ. ಮರೆತೆ ಅಂತ ಯಾರಾದರೂ ಅಂದರೆ ಅದು ಸುಳ್ಳು. ಒಂದು ಕ್ಷಣವೂ ಮರೆತಿರಲಿಲ್ಲ.

ಶುಕ್ರವಾರ ಮಗಳು ಎಂಟರ ಬಸ್ಸಿಗೆ ಹೋದಳು. ನಾವಿಬ್ಬರೂ ಬೆಳ್ಳುಳ್ಳಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದೆವು. ಒಂಬತ್ತೂವರೆಗೆ ನನ್ನ ಜೇಬಿನಲ್ಲಿ ಫೋನ್ ನಡುಗಿತು. ಸದ್ದು ನಿಲ್ಲಿಸಿಟ್ಟಿದ್ದೆ. ಮತ್ತೊಮ್ಮೆ ನಡುಗಿತು. ತೆಗೆಯಲಿಲ್ಲ.

ಅವಳು ಸೊಂಟ ನೇರ ಮಾಡಿ, ಬೆಟ್ಟದ ಕಡೆ ನೋಡಿ, "ನಾಳೆ ಇಷ್ಟೊತ್ತಿಗೆ ನಾನು ಶಾಲೇಲಿರ್ತೀನಿ. ಈಗ್ಲೇ ಕೈಕಾಲ್ ನಡುಗ್ತದೆ ಕಣ" ಅಂದಳು.

ಗಂಟೆ ನೋಡಿದೆ. ಒಂಬತ್ತು ಐವತ್ತು. ಬೈಕು ಬದುವಿನ ಮೇಲೇ ನಿಂತಿತ್ತು. ಆಗ ಹೇಳಿದ್ದರೂ ಕೈತೊಳೆದು, ಬಟ್ಟೆ ಬದಲಿಸಿ, ಹತ್ತೂವರೆಗೆ ಶಾಲೆ ಸೇರಬಹುದಿತ್ತು. ನಾನು ಕುಡುಗೋಲಿಗೆ ಅಂಟಿದ ಮಣ್ಣು ಕೆರೆಯುತ್ತ ಕೂತೆ. ಹತ್ತಾಯಿತು. ಹತ್ತೂಕಾಲಾಯಿತು. ಹನ್ನೊಂದರ ಹೊತ್ತಿಗೆ ಎದೆಯ ಉರಿ ತಣ್ಣಗಾಗಬೇಕಿತ್ತು, ಅದಕ್ಕೆಂದೇ ಅಲ್ಲವೇ ಮಾಡಿದ್ದು? ಆಗಲಿಲ್ಲ. ಅದರ ಜಾಗಕ್ಕೆ ಹೆದರಿಕೆ ಬಂತು.

ನಾಲ್ಕೂವರೆ ಬಸ್ಸಿಗೆ ಮಗಳು ಬಂದಳು. ಚೀಲ ಜಗಲಿಗೆ ಎಸೆದು ನೇರ ತಾಯಿಯ ಮುಂದೆ ನಿಂತಳು.

"ಯಾಕವ್ವ ಬರ್ನಿಲ್ಲ ನೀನು?"

"ನಾಳೆ ತಾನೆ?"

"ಇವತ್ತೇ ಆಗೋಯ್ತು! ಮಿಸ್ಸು ನೆನ್ನೇನೇ ಅಪ್ಪಂಗೆ ಫೋನ್ ಮಾಡಿ ಯೋಳಿದ್ರಂತೆ!"

ಮೂವರೂ ನನ್ನ ಕಡೆ ನೋಡಿದರು.

"ಮರ್ತ್ಬುಟ್ಟೆ" ಅಂದೆ.

ನಮ್ಮವ್ವ, "ಅಯ್ಯೋ, ಇವನ ಮರವಿಗೆ ಬೆಂಕಿ ಬೀಳಾ" ಅಂತ ಬೈದಳು. ಅವಳು ನಂಬಿದಳು. ಮಗಳು ನಂಬಿದಳೋ ಇಲ್ಲವೋ, ಮುಖ ತಿರುಗಿಸಿ ಒಳಗೆ ಹೋದಳು. ಹೆಂಡತಿ ಬಕೆಟ್ ತೆಗೆದುಕೊಂಡು ಕೊಟ್ಟಿಗೆಗೆ ನಡೆದಳು. ಹಾಲು ಕರೆಯುವ ಹೊತ್ತು ಇನ್ನೂ ಆಗಿರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ನಾನೂ ಹೋದೆ. ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ಕರೆಯುತ್ತಿರಲಿಲ್ಲ, ಹಣೆಯನ್ನು ಹಸುವಿನ ಹೊಟ್ಟೆಗೆ ಆನಿಸಿದ್ದಳು.

"ಮರ್ತಿರ್ಲಿಲ್ಲ" ಅಂದೆ.

"ಗೊತ್ತು."

"ಬೆಳಿಗ್ಗೆ ಒಲ್ದಲ್ಲೂ ಫೋನ್ ಬಂದಿತ್ತು."

"ನಿನ್ ಜೇಬು ಅಲ್ಲಾಡಿದ್ದು ನೋಡ್ದೆ. ಬೆಳ್ಳುಳ್ಳಿ ಮಂಡಿಯವ್ರು ಅಂದ್ಕಂಡೆ." ಹಣೆ ಎತ್ತಲಿಲ್ಲ. "ಒಂದು ಕೇಳ್ತೀನಿ, ಯೋಳು. ನಾನು ನೂರು ಕುಣುದ್ರೆ ನಿನ್ ಮೈಯಿಂದ ಏನ್ ಕಿತ್ಕಂಡಂಗಾಯ್ತು?"

ನಾನು ಕೊಟ್ಟಿಗೆಯ ಕಂಬಕ್ಕೆ ಒರಗಿದೆ.

"ಚಿಕ್ಕೋರಿದ್ದಾಗ ನೀನು ರಜಕ್ಕೆ ನಮ್ಮೂರಿಗೆ ಬತ್ತಿದ್ದೆ, ನೆಪ್ಪದಾ?" ಅಂದಳು. "ನಾವು ಎಣ್ಮಕ್ಕಳೆಲ್ಲ ಕಣದಲ್ಲಿ ಅಗ್ಗದಾಟ ಆಡ್ತಿದ್ದೊ. ನೀನೂ ಬಂದು ಒಂದ್ಸಲ ಕುಣ್ದೆ. ಸಿಗಾಕಂಡು ಬಿದ್ದೆ. ಎಲ್ರೂ ನಕ್ಕುದ್ರು. ಮಾರ್ನೆ ದಿನ ಎಮ್ಮೆ ಕಟ್ಟಕ್ಕೆ ಬೇಕು ಅಂತ ಆ ಅಗ್ಗ ಕಿತ್ಕಂಡ್ ಓದೆ. ಎಮ್ಮೆ ತನ್ ಅಗ್ಗದಲ್ಲೇ ಕಟ್ಟಾಕಿದ್ದಂಗೇ ಇತ್ತು. ಆಮೇಕೆ ಆ ಅಗ್ಗ ಬಾವೀಲಿ ಸಿಕ್ತು."

ನನಗೆ ಇದರ ನೆನಪು ಒಂದು ಚೂರೂ ಇರಲಿಲ್ಲ. ಶೀಲ್ಡು ತಂದ ಒಂದೊಂದು ಆಟವೂ ನೆನಪಿದೆ, ಎದುರಾಳಿಯ ಬನಿಯನ್ನಿನ ಬಣ್ಣ ಸಮೇತ. ಇದು ಹೇಗೆ ಮರೆತುಹೋಯಿತು ಅಂತ ಯೋಚಿಸುತ್ತ ನಿಂತೆ.

"ಓಗು, ಹಸ ಬೆದರ್ತದೆ" ಅಂದಳು.

ಸೋಮವಾರ ಬೈಕು ತೆಗೆದುಕೊಂಡು ಶಾಲೆಗೆ ಹೋದೆ. ಯಾರೂ ಹೋಗು ಅಂತ ಹೇಳಿರಲಿಲ್ಲ. ಟೀಚರು ಮೈದಾನದಲ್ಲಿ ಸುಣ್ಣದ ಗೆರೆ ಎಳೆಸುತ್ತಿದ್ದರು. ನನಗೆ ಬರುವ ಅರೆಬರೆ ತಮಿಳಿನಲ್ಲಿ, ತಪ್ಪು ಅವಳದಲ್ಲ, ನಾನೇ ಬೇಕೆಂದೇ ಅವಳಿಗೆ ಹೇಳಲಿಲ್ಲ ಅಂದೆ. ಅವರಿಗೆ ಎಲ್ಲಿ ನೋಡಬೇಕೋ ಗೊತ್ತಾಗಲಿಲ್ಲ. ವಯಸ್ಸಿನಲ್ಲಿ ನನ್ನ ಅರ್ಧ ಅವರು. "ಪರವಾಇಲ್ಲ ಸಾರ್" ಅಂದರು. ಆಮೇಲೆ, ಹುಡುಗಿಯರು ಅಕ್ಕ ಬರುತ್ತಾರೆ, ಅಕ್ಕ ಬರುತ್ತಾರೆ ಅಂತ ಹನ್ನೊಂದರವರೆಗೆ ಬಿಸಿಲಲ್ಲಿ ನಿಂತಿದ್ದರು ಅಂದರು. ಕೊನೆಗೆ ನಡುವಿನ ಜಾಗಕ್ಕೆ ಬೇರೆ ಯಾರನ್ನಾದರೂ ನಿಲ್ಲಿಸೋಣ ಅಂದರೆ ಹುಡುಗಿಯರು ಒಪ್ಪಲಿಲ್ಲವಂತೆ. ನಡುವೆ ಖಾಲಿ ಬಿಟ್ಟೇ ಆಡಿದರಂತೆ. ಬರುವ ಶನಿವಾರ ಅಕ್ಕ ತಪ್ಪದೆ ಬರಬೇಕಂತೆ, ಹೇಳಿಬಿಡಿ ಅಂದರು.

ಈ ಸಲ ಹೇಳಿದೆ, ಗಾಡಿಯಿಂದ ಇಳಿಯುವ ಮುಂಚೆಯೇ. "ಊಂ" ಅಂದಳು. ಆ ಶನಿವಾರ ಹೋಗಲಿಲ್ಲ. ಅಂಗಳದಲ್ಲೂ ಹಗ್ಗ ಮುಟ್ಟಲಿಲ್ಲ. ಬೆಳಿಗ್ಗೆ ನಾನೊಬ್ಬನೇ ನನ್ನ ಮೂಲೆಯಲ್ಲಿ ಕುಣಿಯುತ್ತಿದ್ದೆ. ಎದುರಿಗೆ ಅವಳಿಲ್ಲ, ಸೋಲಿಸುವವರಿಲ್ಲ. ನನಗೆ ಹಗುರಾಗಬೇಕಿತ್ತು. ಆ ದಿನಗಳಲ್ಲೇ ಮೊದಲ ಸಲ ಐವತ್ತು ದಾಟಿದೆ, ಯಾರಿಗೂ ಹೇಳಲು ಬಾಯಿ ಬರಲಿಲ್ಲ.

ಅದರ ಮುಂದಿನ ಶನಿವಾರ ಹೊಸ ಚೂಡಿದಾರ ಹಾಕಿಕೊಂಡು ಹೊರಟಳು. "ಬೈಕಲ್ಲಿ ಬುಡ್ತೀನಿ" ಅಂದೆ. "ಬಸ್ಸದೆ" ಅಂದಳು. ಬಸ್ಸಿಗೇ ಹೋದಳು.

ಮೂರು ತಿಂಗಳಾದಮೇಲೆ ರಕ್ತ ಪರೀಕ್ಷೆಗೆ ಇಬ್ಬರೂ ಚಾಮರಾಜನಗರಕ್ಕೆ ಹೋದೆವು. ಅಷ್ಟರಲ್ಲಿ ಮಾತುಕತೆ ಸರಿಹೋಗಿತ್ತು. ಸರಿಹೋಗಿತ್ತು ಅಂದರೆ, ಮನೆ ನಡೆಯಬೇಕಲ್ಲ, ಅಷ್ಟು. ಸಕ್ಕರೆ ಇಳಿದಿತ್ತು, ತೂಕವೂ ಇಳಿದಿತ್ತು. ಡಾಕ್ಟರು ಖುಷಿಯಾಗಿ, "ಯಾರು ಹೇಳಿಕೊಟ್ಟರು ಸ್ಕಿಪ್ಪಿಂಗು?" ಅಂತ ಕೇಳಿದರು. "ಇವಳೇ" ಅಂದೆ. ಅವರು ನನ್ನನ್ನು ಬಿಟ್ಟು ಅವಳ ಕಡೆ ತಿರುಗಿ ಕೂತರು. "ಹೌದಾ? ನೀವೆಷ್ಟು ಮಾಡ್ತೀರಮ್ಮ?"

"ಎಣಿಸಲ್ಲ ಸಾರ್" ಅಂದಳು.

ಎಣಿಸಲ್ಲ! ನಾನು ಒಂದೊಂದನ್ನೂ ಎಣಿಸಿ, ಕ್ಯಾಲೆಂಡರಿನ ಮೇಲೆ ಬರೆದು, ಎದೆ ಹೊಡೆದುಕೊಂಡು ಅರವತ್ತಮೂರಕ್ಕೆ ಬಂದು ನಿಂತಿದ್ದೇನೆ. ನನ್ನ ಚೀಟಿ ಅವರ ಕೈಯಲ್ಲಿದೆ, ಇಳಿದದ್ದು ನನ್ನ ಸಕ್ಕರೆ, ಕಣ್ಣು ಮಾತ್ರ ಅವಳ ಮೇಲೆ. ಪಕ್ಕೆಯ ಕೆಳಗೆ ಮತ್ತೆ ಚುರುಕ್ ಅಂದಿತು. ಹೋಗಿದೆ ಅಂದುಕೊಂಡಿದ್ದೆ.

ಈ ಸಲ ಮಾತ್ರ ಅದು ಬಂದಾಗ ಬಂತು ಅಂತ ನೋಡುತ್ತ ಕೂತೆ. ಕೈ ಮಂಡಿಯ ಮೇಲಿಟ್ಟು, ಬಾಯಿ ಮುಚ್ಚಿಕೊಂಡು. ಗರ್ಭಕೋಶದ ಮಾತು ಎತ್ತಲಿಲ್ಲ, ಉಪ್ಪಿನ ಮಾತೂ ಎತ್ತಲಿಲ್ಲ. ಡಾಕ್ಟರು ಅವಳನ್ನು ಇನ್ನೂ ಏನೇನೋ ಕೇಳಿದರು. ಅವಳು ಹುಡುಗಿಯರ ವಿಷಯ ಹೇಳಿದಳು. ಕ್ರೀಡಾದಿನದ ವಿಷಯ ಬಂದೀತು ಅಂತ ನನ್ನ ಕಿವಿ ಬಿಸಿಯಾಯಿತು. ಅದನ್ನು ಹೇಳಲಿಲ್ಲ. ಹೇಳದೆ ದಾಟಿದಳು ಅಂತ ನನಗೆ ಗೊತ್ತಾಗುವ ಹಾಗೆ, ಅಲ್ಲಿ ಒಂದು ಚೂರು ನಿಂತು ಮುಂದಕ್ಕೆ ಹೋದಳು.

ಮಗಳು ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ತಾನಾಗಿ ನನ್ನೊಂದಿಗೆ ಮಾತಾಡುತ್ತಿರಲಿಲ್ಲ. ಆಸ್ಪತ್ರೆಗೆ ಹೋಗಿ ಬಂದ ಮಾರನೆಯ ಬೆಳಿಗ್ಗೆ ನಾನು ಅಂಗಳದಲ್ಲಿ ಉಸಿರು ಬಿಡುತ್ತ ನಿಂತಿದ್ದಾಗ ಯೂನಿಫಾರ್ಮ್ ಹಾಕಿಕೊಂಡು ಹತ್ತಿರ ಬಂದಳು. ಆಚೆ ಮೂಲೆಯಲ್ಲಿ ಅವಳ ತಾಯಿ ಕುಣಿಯುತ್ತಿದ್ದಳು, ನಮ್ಮ ಕಡೆ ಬೆನ್ನು ಮಾಡಿ.

"ಅಪ್ಪ, ನಿಂಗೆ ಅವ್ವನ್ ಮೇಲೆ ಒಟ್ಟೆಕಿಚ್ಚಾಗಿತ್ತಾ?" ಅಂತ ಸಣ್ಣ ದನಿಯಲ್ಲಿ ಕೇಳಿದಳು.

"ಊಂ ಮಗ."

"ಈಗ್ಲೂವಾ?"

ಹಗ್ಗದ ಸದ್ದು ಒಂದೇ ಸಮನೆ ಬರುತ್ತಿತ್ತು.

"ಈಗ್ಲೂವೆ" ಅಂದೆ.

ಅವಳು ಚೀಲ ಬೆನ್ನಿಗೇರಿಸಿಕೊಂಡಳು. ಆಮೇಲೆ ಬಸ್ಸಿಗೆ ಹೊತ್ತಾಯಿತು ಅಂತ, ಊಟದ ಡಬ್ಬಿ ಒಳಗಿದೆ, ತಂದುಕೊಡು ಅಂದಳು. ತಂದುಕೊಟ್ಟೆ.